ಕಂಬಿ ಹಿಡಿಯದ ಭುಜಂಗ

ತಾನು ಹೇಗೆ ನಿಲ್ಲುತ್ತೇನೆ ಎಂದು ಗೊತ್ತಾದ ದಿನವೇ ಭುಜಂಗನಿಗೆ ನಿಲ್ಲುವುದು ಕಷ್ಟವಾಯಿತು. ಅದುವರೆಗೆ ಇಪ್ಪತ್ತಾರು ವರ್ಷ ಅವನು ಸುಮ್ಮನೆ ನಿಂತಿದ್ದ. ಕಾರ್ಕಳದಿಂದ ಬೆಳ್ಮಣ್, ಪಡುಬಿದ್ರಿ, ಕಾಪು ದಾಟಿ ಉಡುಪಿಗೆ ಹೋಗುವ ‘ಪುಷ್ಪದೀಪ’ ಎಕ್ಸ್‌ಪ್ರೆಸ್ಸಿನ ಕಂಡಕ್ಟರ್ ಅವನು. ಬಸ್ಸು ಎಷ್ಟೇ ಹಾರಲಿ, ಹೊರಳಲಿ, ಅವನು ಕಂಬಿ ಹಿಡಿದವನಲ್ಲ. ಒಂದು ಕೈಯಲ್ಲಿ ಟಿಕೆಟ್ ಮೆಷಿನ್, ಇನ್ನೊಂದರ ಬೆರಳುಗಳ ನಡುವೆ ಮಡಚಿದ ನೋಟುಗಳು, ಬಾಯಲ್ಲಿ ವಿಶಲ್. ಮೂರನೆಯ ಕೈ ಇದ್ದಿದ್ದರೂ ಅದನ್ನು ಅವನು ಕಿಸೆಯಲ್ಲೇ ಇಟ್ಟುಕೊಳ್ಳುತ್ತಿದ್ದ.

ಈ ಸುದ್ದಿ ಮಣಿಪಾಲಕ್ಕೆ ಮುಟ್ಟಿತು. ಅಲ್ಲಿ ತನ್ವಿ ಎಂಬ ಹುಡುಗಿ ಬಯೋಮೆಕ್ಯಾನಿಕ್ಸಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಮನುಷ್ಯನ ಎಲುಬು, ಕೀಲು, ಸ್ನಾಯುಗಳು ಯಂತ್ರದ ಹಾಗೆ ಹೇಗೆ ಕೆಲಸ ಮಾಡುತ್ತವೆ ಎಂದು ಅಳೆಯುವ ಶಾಸ್ತ್ರ ಅದು. ವಯಸ್ಸಾದವರು ಯಾಕೆ ಬೀಳುತ್ತಾರೆ ಎಂದು ತಿಳಿಯಲು ಬೀಳದವರನ್ನು ನೋಡಬೇಕೆಂದು ಅವಳ ಲೆಕ್ಕಾಚಾರ. ಒಬ್ಬ ಓಟಗಾರನ ಮೊಣಕಾಲನ್ನೂ ಕಾಪು ಬೀಚಿನ ಏಡಿಯ ನಡಿಗೆಯನ್ನೂ ಆಗಲೇ ಅಳೆದು ಮುಗಿಸಿದ್ದಳು. ಮೂರನೆಯವನು ಭುಜಂಗ. ಏಡಿಯ ನಂತರದ ಸ್ಥಾನ ಸಿಕ್ಕಿದ್ದಕ್ಕೆ ಅವನ ಮನೆಯಲ್ಲಿ ಅಂದು ಪಾಯಸ ಮಾಡಿದ್ದರು.

ಆದರೆ ಭುಜಂಗನಿಗೆ ಬೇಕಾದದ್ದು ವಿಜ್ಞಾನವಲ್ಲ, ಕುರ್ಚಿ. ಕಾಪು ಬಸ್‌ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ನಿವೃತ್ತನಾಗಿ ಅವನ ಕುರ್ಚಿ ಖಾಲಿ ಬಿದ್ದಿತ್ತು. ರೆಕ್ಸಿನ್ ಹೊದಿಸಿದ, ಕೈಯಿಡಲು ಜಾಗವಿದ್ದ ಕುರ್ಚಿ. ತಲೆಯ ಮೇಲೆ ಫ್ಯಾನು ಬೇರೆ. ನಲವತ್ತೊಂಬತ್ತು ದಾಟಿದ ಭುಜಂಗನ ಮೊಣಕಾಲು ರಾತ್ರಿ ಮಲಗಿದ ಮೇಲೂ ಕಟಕಟ ಎನ್ನುತ್ತಿತ್ತು.

ಬಸ್ಸಿನ ಧಣಿ ಸ್ಟ್ಯಾನಿಸ್ಲಾಸ್ ಹಿಂದಿನ ದಿನ ಅವನನ್ನು ಕರೆದು ಹೇಳಿದ್ದರು: “ನಾಳೆ ಮಣಿಪಾಲದವರ ಕ್ಯಾಮೆರಾ ಉಂಟು. ನಾನೂ ಕಾಪುವಿನಲ್ಲಿ ಹತ್ತುತ್ತೇನೆ. ಉಡುಪಿವರೆಗೆ ಚೆಂದ ನಿಂತು ತೋರಿಸು. ಪೇಪರಿನಲ್ಲಿ ಬಂದರೆ ಬಸ್ಸಿಗೆ ಹೆಸರು, ಕುರ್ಚಿ ನಿನಗೆ.”

ನಿಲ್ಲುವುದರಲ್ಲಿ ಗೆದ್ದರೆ ಕುಳಿತುಕೊಳ್ಳುವ ಬಹುಮಾನ. ಧಣಿಗಳ ನ್ಯಾಯ ಹಾಗೆಯೇ ಇರುತ್ತದೆ.

ಬೆಳಿಗ್ಗೆ ಕಾರ್ಕಳ ಸ್ಟ್ಯಾಂಡಿನಲ್ಲಿ ತನ್ವಿ ಅವನ ಕಾಲಿಗೂ ಸೊಂಟಕ್ಕೂ ಬೆಲ್ಟು ಬಿಗಿದು ಸೆನ್ಸರ್ ಸಿಕ್ಕಿಸಿದಳು. ಮೊದಲ ಸುತ್ತಿನ ಅಳತೆ ಹಿಂದಿನ ವಾರವೇ ಮುಗಿದಿತ್ತು. ಅದನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ಪರದೆಯ ಮೇಲೆ ಕಡ್ಡಿಗಳಿಂದ ಮಾಡಿದ ಭುಜಂಗನೊಬ್ಬ ತೂಗಾಡುತ್ತಿದ್ದ.

“ನೋಡಿ ಭುಜಂಗಣ್ಣ, ಬ್ರೇಕ್ ಬೀಳುವ ಮೊದಲೇ ನಿಮ್ಮ ಭಾರ ಹಿಮ್ಮಡಿಗೆ ಹೋಗುತ್ತದೆ. ಮೊದಲು ಪಾದದ ಗಂಟು, ಮತ್ತೆ ಮೊಣಕಾಲು, ಕೊನೆಗೆ ಸೊಂಟ. ನಿಮಗೆ ಹೇಗೆ ಗೊತ್ತಾಗುತ್ತದೆ?”

“ಎಂತ ಗೊತ್ತಾಗುವುದು?”

“ಬ್ರೇಕ್ ಬೀಳುತ್ತದೆ ಅಂತ.”

“ನನಗೆ ಎಂತದೂ ಗೊತ್ತಾಗುವುದಿಲ್ಲ ಮೇಡಂ. ನಿಲ್ಲುವುದು, ಅಷ್ಟೇ.”

“ಹಾಗೇ ನಿಲ್ಲಿ. ಅದರ ಬಗ್ಗೆ ಯೋಚನೆ ಮಾಡಬೇಡಿ.”

ಭುಜಂಗ ತಕ್ಷಣ ಯೋಚನೆ ಮಾಡತೊಡಗಿದ.

“ರೈಟ್, ಪೋಯಿ,” ಎಂದು ಬಸ್ಸು ಹೊರಡಲು ವಿಶಲ್ ಊದಿದವನಿಗೆ ತನ್ನ ಪಾದದಲ್ಲಿ ಗಂಟೊಂದು ಇರುವುದು ಮೊದಲ ಸಲ ಅರಿವಾಯಿತು. ಈಗ ಹಿಮ್ಮಡಿಯೋ, ಬೆರಳೋ? ಗಂಟು ಮೊದಲು, ಮತ್ತೆ ಮೊಣಕಾಲು, ಎಂದು ಮನಸ್ಸಿನಲ್ಲೇ ಪಾಠ ಒಪ್ಪಿಸುತ್ತಾ ಹೋದ. ಬೆಳ್ಮಣ್ ಪೇಟೆಯ ಹಂಪಿನ ಎದುರು ಬ್ರೇಕ್ ಬಿದ್ದಾಗ ಅವನ ಪಾಠ ಇನ್ನೂ ಮೊಣಕಾಲಿನಲ್ಲೇ ಇತ್ತು. ಸೊಂಟಕ್ಕೆ ಬರುವಷ್ಟರಲ್ಲಿ ಸೊಂಟ ರತ್ನಾವತಿ ಟೀಚರ ಮಡಿಲಿನಲ್ಲಿತ್ತು.

ಟೀಚರು ನಿವೃತ್ತರಾಗಿ ಹತ್ತು ವರ್ಷವಾದರೂ ಅವರ ದನಿ ಇನ್ನೂ ಸರ್ವಿಸಿನಲ್ಲಿತ್ತು. “ಭುಜಂಗ, ಎಂತ ಇದು? ನಾಲ್ಕನೇ ಕ್ಲಾಸಿನಲ್ಲಿ ವರ್ಷವಿಡೀ ನಿನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಒಂದು ದಿನ ಬಿದ್ದದ್ದಿಲ್ಲ.”

“ತಪ್ಪಾಯ್ತು ಟೀಚರೇ.”

“ಶುಗರ್ ನೋಡಿಸಿದೆಯಾ?”

ಬಸ್ಸಿನಲ್ಲಿ ಶುಗರ್ ಎಂಬ ಮಾತು ಬಿದ್ದರೆ ಅಲ್ಲಿಗೆ ಟಿಕೆಟ್ ಕೆಲಸ ಮುಗಿದ ಹಾಗೆ. ಹಿಂದಿನ ಸೀಟಿನವರು ಬಿ.ಪಿ. ಎಂದರು, ಕಿಟಕಿಯ ಪಕ್ಕದವರು ಕಿವಿಯೊಳಗಿನ ನೀರು ಎಂದರು, ಒಬ್ಬರು ಬೆಲ್ಟಿನಿಂದ ಕರೆಂಟು ಹೊಡೆಯುತ್ತಿದೆ ಎಂದೇ ತೀರ್ಮಾನಿಸಿ ಕಾಲು ಮೇಲೆತ್ತಿ ಕುಳಿತರು. ತನ್ವಿ ಮಾತ್ರ ಕಣ್ಣರಳಿಸಿ ಲ್ಯಾಪ್‌ಟಾಪ್ ನೋಡುತ್ತಿದ್ದಳು.

ಡ್ರೈವರ್ ಆಂಡ್ರ್ಯೂಗೆ ಅವಮಾನವಾಯಿತು. ಅವನ ಬ್ರೇಕಿಗೆ ಪ್ರಯಾಣಿಕರು ಬೀಳುವುದು ಮಾಮೂಲಿ, ಸ್ವಂತ ಕಂಡಕ್ಟರ್ ಬೀಳುವುದೆಂದರೆ ಮರ್ಯಾದೆಯ ಪ್ರಶ್ನೆ. “ನೀನು ಕಂಬಿ ಹಿಡಿ ಮಾರಾಯ,” ಎಂದ.

“ಹಿಡಿದರೆ ಕುರ್ಚಿ ಹೋಗ್ತದೆ.”

“ಹಾಗಾದರೆ ನಾನು ಹೇಳಿಯೇ ಬ್ರೇಕ್ ಹಾಕ್ತೇನೆ.”

ಅಲ್ಲಿಂದ ಮುಂದೆ, ಹಿಂದೆಂದೂ ಕಾಣದ ಸೇವೆ ಆ ಬಸ್ಸಿನಲ್ಲಿ ಶುರುವಾಯಿತು. “ಬ್ರೇಕ್ ಉಂಟು ಭುಜಂಗಣ್ಣ,” ಎಂದು ಆಂಡ್ರ್ಯೂ ಕೂಗುವನು, ಇಡೀ ಬಸ್ಸು ಎದುರಿನ ಸೀಟನ್ನು ಅಪ್ಪಿಕೊಳ್ಳುವುದು, ಭುಜಂಗ ಹಿಮ್ಮಡಿ ಊರುವನು, ಅಷ್ಟರಲ್ಲಿ ಎದುರಿನ ದನ ಪಕ್ಕಕ್ಕೆ ಸರಿದು ಬ್ರೇಕೇ ಬೀಳದೆ ಹೋಗುವುದು. ಊರಿದ ಹಿಮ್ಮಡಿಯನ್ನು ಏನು ಮಾಡಬೇಕೆಂದು ತಿಳಿಯದೆ ಭುಜಂಗ ಹಿಂದಕ್ಕೆ ನಡೆಯುವನು.

ಹಾಗೆ ನಡೆಯುತ್ತಾ ಪಡುಬಿದ್ರಿಯ ತಿರುವಿನಲ್ಲಿ ಅವನು ತೆರೆಸಾ ಬಾಯಿ ಬರೀ ಬಟ್ಟೆ ಮುಚ್ಚಿ ತಂದಿದ್ದ ಪಾತ್ರೆಯ ಮೇಲೆ ಕುಳಿತ. ಅದರೊಳಗೆ ತಂಗಿಯ ಮಗುವಿನ ನಾಮಕರಣಕ್ಕೆಂದು ಬೇಯಿಸಿದ ಅರವತ್ತು ಸಾನ್ನಗಳಿದ್ದವು. ಕಳ್ಳು ಹಾಕಿ ಉಬ್ಬಿಸಿದ ಆ ಇಡ್ಲಿಗಳಷ್ಟು ಮೆತ್ತನೆಯ ಆಸನ ಅವನ ಸರ್ವಿಸಿನಲ್ಲೇ ಸಿಕ್ಕಿರಲಿಲ್ಲ.

“ಎದ್ದೇಳು ಭುಜಂಗ,” ಎಂದರು ತೆರೆಸಾ ಬಾಯಿ ತಣ್ಣಗೆ. “ಇದು ಬಿಸಿ ಇರುವಾಗಲೇ ಮುಟ್ಟಿಸಬೇಕು ಅಂತ ಎಕ್ಸ್‌ಪ್ರೆಸ್ ಹತ್ತಿದ್ದು. ಈಗ ನೀರ್ದೋಸೆ ಅಂತ ಹೇಳಿ ಬಡಿಸಬೇಕು.”

ಕಾಪುವಿನಲ್ಲಿ ಧಣಿ ಹತ್ತಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪೇಪರಿನ ಫೋಟೋಗೆಂದು ತಲೆಗೆ ಎಣ್ಣೆ. ಬಾಗಿಲ ಹತ್ತಿರದ ಸೀಟಿನಲ್ಲಿ ಕುಳಿತು, “ಹೂಂ, ನಿಲ್ಲು ನೋಡುವ,” ಎಂದರು.

ಇನ್ನು ಹದಿಮೂರು ಕಿಲೋಮೀಟರ್. ಭುಜಂಗ ಮನೆದೇವರನ್ನೂ ಊರ ದೈವವನ್ನೂ ನೆನೆದ. ಕಿಟಕಿಯ ಹೊರಗೆ ನೋಡಿದ, ಪಾದವನ್ನು ಮರೆಯಲು ಪ್ರಯತ್ನಿಸಿದ, ಮತ್ತು ಕಟಪಾಡಿಯವರೆಗೆ ನಿಜವಾಗಿಯೂ ನಿಂತ. ಧಣಿಯ ಮುಖದಲ್ಲಿ ನಗೆ ಕಂಡಿತು. ಅದನ್ನು ನೋಡಿ ಭುಜಂಗನಿಗೆ ತಾನು ಸರಿಯಾಗಿ ನಿಂತಿದ್ದೇನೆ ಎನಿಸಿತು. ಎನಿಸಿದ್ದೇ ತಪ್ಪಾಯಿತು. ಅದೇ ಹೊತ್ತಿಗೆ ಇನ್ನೊಂದು ಎಕ್ಸ್‌ಪ್ರೆಸ್ ಹಾರ್ನ್ ಹೊಡೆದು ಓವರ್‌ಟೇಕ್ ಮಾಡಿತು. ಆಂಡ್ರ್ಯೂ ಕೋಪದಲ್ಲಿ ಘೋಷಣೆಯನ್ನು ಮರೆತು ಬ್ರೇಕ್ ತುಳಿದ. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿ ಭುಜಂಗ ಆಸರೆಗೆ ಕೈ ಚಾಚಿದ. ಸಿಕ್ಕಿದ್ದು ಕಂಬಿಯಲ್ಲ, ಧಣಿಯ ಕಾಲರ್. ಇಬ್ಬರೂ ಒಟ್ಟಿಗೆ ಮೆಟ್ಟಿಲ ಬಳಿ ಕುಸಿದರು. ಭುಜಂಗ ಮೇಲೆ, ಧಣಿ ಕೆಳಗೆ.

ಉಡುಪಿಯಲ್ಲಿ ಇಳಿದ ಧಣಿ ಸೊಂಟ ಹಿಡಿದುಕೊಂಡು ತನ್ವಿಯ ಹತ್ತಿರ ಬಹಳ ಹೊತ್ತು ಮಾತಾಡಿದರು. ಭುಜಂಗ ದೂರದಲ್ಲಿ ಬಸ್ಸಿಗೆ ಒರಗಿ ನಿಂತಿದ್ದ. ಕೊನೆಗೆ ಧಣಿ ಬಂದರು.

“ನಾಳೆಯಿಂದ ನೀನು ಬಸ್ಸು ಹತ್ತುವುದು ಬೇಡ.”

ಭುಜಂಗನ ಕಣ್ಣು ತುಂಬಿತು.

“ಕಾಪುವಿಗೆ ಹೋಗು. ಟೈಮ್ ಕೀಪರ್. ಬೀಳುವ ಕಂಡಕ್ಟರನ್ನು ಇಟ್ಟುಕೊಂಡರೆ ಇನ್ಶೂರೆನ್ಸಿನವರು ನನ್ನನ್ನು ಬಿಡುವುದಿಲ್ಲ. ಆ ಹುಡುಗಿಗೂ ಭಾರೀ ಖುಷಿಯಂತೆ. ಬೀಳದವನೂ ಬೀಳುವವನೂ ಒಬ್ಬನಲ್ಲೇ ಸಿಕ್ಕಿದ್ದಾನೆ ಅಂತ ಹೇಳಿದಳು.”

ಭುಜಂಗನಿಗೆ ತನ್ವಿಯ ಕಾಲಿಗೆ ಬೀಳಬೇಕೆನಿಸಿತು. ಬಿದ್ದದ್ದು ಸಾಕು ಎಂದು ಕೈ ಮುಗಿದ. ಮರುದಿನ ಬೆಳಿಗ್ಗೆ ಕಾಪುವಿಗೆ ಹೋಗುವಾಗ ಅವನ ಮನಸ್ಸು ಆಗಲೇ ಕುಳಿತಾಗಿತ್ತು.

ಟೈಮ್ ಕೀಪರ್ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಗಡಿಯಾರ ಓಡುತ್ತಿತ್ತು. ಕುರ್ಚಿಯ ಜಾಗದಲ್ಲಿ ಎದೆಯೆತ್ತರದ ಒಂದು ಕೌಂಟರ್ ಇತ್ತು. ಧಣಿ ಕಳೆದ ವರ್ಷ ಮುಚ್ಚಿದ ಬಾರಿನದ್ದು. ಹೊರಗೆ ನಿಲ್ಲಿಸಿದ್ದ ಕಾರಿನಿಂದ ಧಣಿ ನೋಡುತ್ತಿದ್ದರು.

“ಕುರ್ಚಿ ಎಲ್ಲಿ ಧಣಿ?”

“ನನ್ನ ಮನೆಗೆ ಹೋಯಿತು. ನೀನು ಬಿದ್ದ ಸೊಂಟಕ್ಕೆ ಡಾಕ್ಟರು ಕೈಯಿರುವ ಕುರ್ಚಿಯೇ ಬೇಕು ಎಂದಿದ್ದಾರೆ.”

“ಹಾಗಾದರೆ ನನಗೊಂದು ಸ್ಟೂಲಾದರೂ…”

“ಅದನ್ನೂ ಆ ಹುಡುಗಿಯ ಹತ್ತಿರ ಕೇಳಿದೆ. ಅಷ್ಟು ವರ್ಷ ನಿಂತ ಬೆನ್ನು ಒಮ್ಮೆಲೇ ದಿನವಿಡೀ ಕುಳಿತರೆ ಕೆಡ್ತದಂತೆ, ನಡುನಡುವೆ ಎದ್ದು ನಿಲ್ಲಬೇಕಂತೆ. ನಡುನಡುವೆ ಏಳುವ ಉಪದ್ರ ಯಾಕೆ, ನಿಂತೇ ಇರಲಿ ಅಂತ ಕೌಂಟರ್ ಹಾಕಿಸಿದೆ. ಎಲ್ಲ ವಿಜ್ಞಾನ.”

ಬಸ್ಸಿನಲ್ಲಾದರೆ ಉಡುಪಿಯಲ್ಲಿ ಹತ್ತು ನಿಮಿಷ, ಕಾರ್ಕಳದಲ್ಲಿ ಹತ್ತು ನಿಮಿಷ ಖಾಲಿ ಸೀಟಿನಲ್ಲಿ ಕೂರಬಹುದಿತ್ತು. ಭುಜಂಗ ಕೌಂಟರಿನ ಮೇಲೆ ಎರಡೂ ಕೈ ಊರಿದ.

“ಎಂಟು ಗಂಟೆ ಅಷ್ಟೇ ಅಲ್ವಾ,” ಎಂದು ಧಣಿ ಕಾರಿನ ಸೀಟನ್ನು ಹಿಂದಕ್ಕೆ ವಾಲಿಸಿಕೊಂಡರು. “ನೆಲ ಅಲ್ಲಾಡುವುದೂ ಇಲ್ಲ.”