ಇಳಿಬಿಸಿಲಿನಲ್ಲಿ ಇಳಕಲ್ ಸೀರೆ

"ನೋಡ್ತಾ ಇರು, ಈ ಸಲ ನಾನು ತೆಗೆಯೋ ಫೋಟೊನ ಕ್ಯಾಲೆಂಡರಿನವರು ಮನೆಗೆ ಬಂದು ಕೇಳ್ಬೇಕು," ಎಂದು ಗಿರಿರಾಜ್ ಬಸವೇಶ್ವರನಗರದ ತಮ್ಮ ಮನೆಯ ಊಟದ ಮೇಜಿನಲ್ಲಿ ಘೋಷಿಸಿದರು.

"ಬಾಯಲ್ಲಿರೋ ರೊಟ್ಟಿ ನುಂಗಿ ಹೇಳಿ, ಅರ್ಥ ಆಗ್ತಿಲ್ಲ," ಎಂದರು ಹೆಂಡತಿ ಜಯದೇವಿ.

ವಿಜಯನಗರದಲ್ಲಿ ಪರದೆ ಬಟ್ಟೆಯ ಅಂಗಡಿ ಇಟ್ಟು, ಅರ್ಧ ಬಡಾವಣೆಯ ಕಿಟಕಿಗಳ ಮಾನ ಕಾಪಾಡಿದ ಮನುಷ್ಯ ಗಿರಿರಾಜ್. ಬಣ್ಣ, ಬೆಳಕಿನ ವಿಷಯ ತಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದೇ ಅವರು ನಂಬಿದ್ದರು. ಆ ನಂಬಿಕೆಗೆ ಹಿಂದಿನ ವಾರ ಪೆಟ್ಟು ಬಿದ್ದಿತ್ತು. ಕೇದಾರ ಯಾತ್ರೆಯ ಫೋಟೊಗಳನ್ನು ಟಿ.ವಿ.ಗೆ ಹಾಕಿ ತೋರಿಸುತ್ತಿದ್ದಾಗ ನಾದಿನಿ ಹೇಮಶ್ರೀ ಎದ್ದು ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ, "ಅಕ್ಕಾ, ದೇವಸ್ಥಾನ ಸಿಕ್ತು, ಕುದುರೆ ಸಿಕ್ತು. ನೀನೆಲ್ಲಿದೀಯ?" ಎಂದು ಕೇಳಿದ್ದಳು.

"ಕುದುರೆ ಬಾಲದ ಪಕ್ಕ ಒಂದು ನೀಲಿ ಚುಕ್ಕೆ ಇದೆ ನೋಡು, ಅದೇ ನಾನು," ಎಂದಿದ್ದರು ಜಯದೇವಿ.

ಎಲ್ಲರೂ ನಕ್ಕು ಹೊರಟುಹೋದ ಮೇಲೆ ಜಯದೇವಿ ನಗದೆ ಹೇಳಿದ ಮಾತು ಬೇರೆ. "ಇಷ್ಟೊಂದು ಊರು ಸುತ್ತಿದೀವಿ, ನನ್ನದೊಂದು ನೆಟ್ಟಗಿರೋ ಫೋಟೊ ಇಲ್ಲ ಕಣ್ರೀ. ಮದುವೆ ಆಲ್ಬಂ ಆದ್ಮೇಲೆ ನಾನು ಮನೆಬಿಟ್ಟು ಎಲ್ಲೂ ಹೋಗಿಲ್ಲ ಅಂದ್ರೂ ಜನ ನಂಬ್ತಾರೆ."

ಅದು ಗಿರಿರಾಜರಿಗೆ ನಾಟಿತು. ಮುಂದಿನ ತಿಂಗಳು ಬಾದಾಮಿಗೆ ಹೊರಡುವುದಿತ್ತು. ಅಷ್ಟರೊಳಗೆ ಕಲಿತೇ ತೀರಬೇಕೆಂದು ರಾಜಾಜಿನಗರದ ಒಂದು ಮೊಬೈಲ್ ಫೋಟೊಗ್ರಫಿ ತರಗತಿಗೆ ಸೇರಿದರು.

ಪಾಠ ಹೇಳುವವನು ಕಶ್ಯಪ್ ಎಂಬ ಯುವಕ. "ಸಾರ್, ಮೊದಲು ಲೆನ್ಸ್ ಒರೆಸಿ," ಎಂದ. ಒರೆಸಿದರು. ಬಂದಬಂದವರಿಗೆಲ್ಲ "ಏನು ಮಂಜು ಅಂತೀರಿ" ಎಂದು ಬಣ್ಣಿಸಿದ್ದ ಹಿಮಾಲಯದ ಮಂಜು ಕರವಸ್ತ್ರಕ್ಕೆ ಅಂಟಿಕೊಂಡು ಬಂತು. ಅದು ಒಗ್ಗರಣೆಯ ವಾಸನೆ ಹೊಡೆಯುತ್ತಿತ್ತು.

"ಜೂಮ್ ಮಾಡ್ಬೇಡಿ, ಕಾಲು ಬಳಸಿ. ಹಿಂದಿನದು ಎತ್ತರ ಕಾಣ್ಬೇಕಾ, ನೀವು ತಗ್ಗಿಗೆ ಹೋಗಿ. ಎಲ್ಲಕ್ಕಿಂತ ಮುಖ್ಯ, ಸಂಜೆ ಹೊಂಬಿಸಿಲಿಗೆ ಕಾಯಿರಿ ಸಾರ್. ಆ ಬೆಳಕಲ್ಲಿ ಯಾರನ್ನ ತೆಗೆದ್ರೂ ಚೆನ್ನಾಗಿ ಕಾಣ್ತಾರೆ."

ಅಂದಿನಿಂದ ಆ ಮನೆಯಲ್ಲಿ ಬಿಸಿ ತಿಂಡಿ ಎಂಬುದು ಇಲ್ಲವಾಯಿತು. ದೋಸೆ ಹೆಂಚಿನಿಂದ ಇಳಿದು ಬಾಲ್ಕನಿಗೆ ಹೋಗಿ, ಬೆಳಕಿಗೆ ಮುಖ ಕೊಟ್ಟು, ನಾಲ್ಕು ಕೋನಗಳಿಂದ ಚಿತ್ರ ತೆಗೆಸಿಕೊಂಡು, ತಣ್ಣಗೆ ಚರ್ಮದಂತಾಗಿ ತಟ್ಟೆಗೆ ಮರಳುತ್ತಿತ್ತು. ತರಕಾರಿ ಗಾಡಿಯ ಮುಂದೆ ಗಿರಿರಾಜ್ ಮಂಡಿಯೂರಿ ಬದನೆಕಾಯಿಗೆ ಫೋಕಸ್ ಮಾಡುತ್ತಿದ್ದರೆ ಜಯದೇವಿ ಪರಿಚಯವಿಲ್ಲದವರಂತೆ ಮುಂದೆ ಹೋಗಿಬಿಡುತ್ತಿದ್ದರು.

ಮೂಡಲಪಾಳ್ಯದ ಕೊಟ್ರೇಶ್ ಹೊರಡಿಸಿದ ಪ್ರವಾಸದ ಬಸ್ಸು ಬಾದಾಮಿ ಮುಟ್ಟಿತು. ಗುಹೆಗಳನ್ನು ನೋಡಿದ್ದಾಯಿತು. ಅಲ್ಲಿಯವರೆಗೆ ಗಿರಿರಾಜ್ ಹೆಂಡತಿಯ ಒಂದು ಫೋಟೊ ಕೂಡ ತೆಗೆಯಲಿಲ್ಲ. ಕೇಳಿದರೆ, "ಬೆಳಕು ಇನ್ನೂ ಹಣ್ಣಾಗಿಲ್ಲ," ಎನ್ನುತ್ತಿದ್ದರು.

ಸಂಜೆ ಕೊಟ್ರೇಶ್ ಎಲ್ಲರನ್ನೂ ಕರೆದ. "ಬನಶಂಕರಿ ಮಂಗಳಾರತಿಗೆ ಹೋಗ್ಬೇಕು, ಬೇಗ ಬಸ್ ಹತ್ತಿ."

"ನೀವು ಹತ್ತಿಸ್ತಾ ಇರಿ, ಬಂದೆ," ಎಂದ ಗಿರಿರಾಜ್ ಹೆಂಡತಿಯ ಕೈಹಿಡಿದು ಗುಹೆಗಳ ಕೆಳಗಿನ ಕೆರೆಯ ಮೆಟ್ಟಿಲ ಕಡೆ ನಡೆದೇಬಿಟ್ಟರು. ಮೇಲಿನ ಮೆಟ್ಟಿಲಲ್ಲಿ ಜಯದೇವಿಯನ್ನು ನಿಲ್ಲಿಸಿದರು. ಅವರ ಹಿಂದೆ ಕೆಂಬಂಡೆಯ ಗುಡ್ಡ. ಗುಡ್ಡ ಎತ್ತರ ಕಾಣಬೇಕಲ್ಲ, ಫೋನ್ ಹಿಡಿದು ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು.

"ರೀ, ಹಿಂದೆ ಬಟ್ಟೆ ಹರವಿದಾರೆ," ಎಂದರು ಜಯದೇವಿ.

"ಮಾತಾಡ್ಬೇಡ ಕಣೇ, ಬಾಯಿ ಸೊಟ್ಟ ಬರುತ್ತೆ."

ಮುಂದಿನ ಹೆಜ್ಜೆ ಮೆಟ್ಟಿಲ ಮೇಲೆ ಬೀಳಲಿಲ್ಲ, ಒದ್ದೆ ಸೀರೆಯ ಮೇಲೆ ಬಿತ್ತು. ಸೀರೆ ಜಾರಿತು. ಸೀರೆಯ ಮೇಲೆ ಗಿರಿರಾಜ್ ಜಾರಿದರು. ಸೀರೆಯೂ ಅವರೂ ಒಟ್ಟಿಗೆ ಕೆರೆಗಿಳಿದರು. ಮಂಡಿಯುದ್ದ ನೀರಲ್ಲಿ ಕೂತ ಗಿರಿರಾಜರ ಬಲಗೈ ಮಾತ್ರ ಫೋನಿನೊಡನೆ ಆಕಾಶದತ್ತ ಎದ್ದು ನಿಂತಿತ್ತು.

ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ಸೊಂಟಕ್ಕೆ ಕೈಯಿಟ್ಟು ಎದ್ದಳು. ಆಕೆಯ ಹೆಸರು ಶಂಕ್ರವ್ವ ಎಂದು ಆಮೇಲೆ ತಿಳಿಯಿತು.

"ಈಗಷ್ಟ ತೊಳದ ಹಾಕೀನಿ, ಬೂಟಗಾಲಿಲೆ ತುಳದೀರಲ್ರಿ ಯಣ್ಣಾ."

"ಸಾರಿ ಅಮ್ಮಾ."

"ಸಾರಿ ಅಲ್ರಿ, ಇಳಕಲ್ ಸೀರಿ. ತೊಳೀರಿ."

"ನಾನಾ?"

"ತುಳದಾವ್ರು ನೀವ, ತೊಳ್ಯಾವ್ರು ಯಾರು?"

ಗಿರಿರಾಜ್ ಸಹಾಯಕ್ಕಾಗಿ ಮೇಲೆ ನೋಡಿದರು. ಜಯದೇವಿ ಇಳಿದು ಬಂದರು. ಗಂಡನಿಗೆ ಪೆಟ್ಟಾಗಿಲ್ಲವೆಂದು ನೋಡಿಕೊಂಡರು. ಫೋನು ಇಸಿದುಕೊಂಡರು. "ಅವರು ಹೇಳೋದು ಸರಿ ಇದೆ," ಎಂದು ಮತ್ತೆ ಮೆಟ್ಟಿಲು ಹತ್ತಿದರು.

ಸಾವಿರಾರು ಮೀಟರು ಬಟ್ಟೆ ಮಾರಿದ ಗಿರಿರಾಜ್ ಒಂದು ಮೀಟರನ್ನೂ ಒಗೆದವರಲ್ಲ. ಎದ್ದು ನಿಂತು ಸೀರೆಯನ್ನು ಅದ್ದಿದರು, ಎತ್ತಿದರು. ಅದು ಅವರ ಕೊರಳಿಗೆ ಸುತ್ತಿಕೊಂಡಿತು. "ಹಂಗಲ್ಲರಿ, ಕಲ್ಲಿಗೆ ಕುಕ್ಕರಿ," ಎಂದಳು ಶಂಕ್ರವ್ವ. ಕುಕ್ಕಿದರು. "ಹರೀಬ್ಯಾಡ್ರಿ," ಎಂದಳು. ಅತ್ತ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ಆಗ ಬಂತು ಹೊಂಬಿಸಿಲು. ಗುಡ್ಡ ಕೆಂಡದಂತಾಯಿತು, ನೀರು ಜೇನಿನಂತಾಯಿತು. ಗಿರಿರಾಜ್ ಎರಡೂ ಕೈಯಲ್ಲಿ ಸೀರೆ ಹಿಡಿದುಕೊಂಡು, ಬೆಳಕಿಗೆ ಮುಖವೆತ್ತಿ, ಸಂಕಟದಿಂದ ಕೂಗಿದರು: "ಬೆಳಕು ಬಂತು ಕಣೇ!"

"ಹಂಗೇ ಇರಿ," ಎಂದರು ಜಯದೇವಿ. ಒಂದು ಸಲ ಒತ್ತಿದರು. ಫೋನನ್ನು ಬ್ಯಾಗಿಗೆ ಹಾಕಿಕೊಂಡರು.

ಬಸ್ಸಿನಲ್ಲಿ ಎಲ್ಲರೂ ಮುಖ ಊದಿಸಿಕೊಂಡಿದ್ದರು. ಮಂಗಳಾರತಿ ತಪ್ಪಿತ್ತು. ಒದ್ದೆ ಪ್ಯಾಂಟಿನ ಗಿರಿರಾಜ್ ಪ್ಲಾಸ್ಟಿಕ್ ಚೀಲದ ಮೇಲೆ ಕೂತು, ಫೋನು ವಾಪಸು ಇಸಿದುಕೊಂಡು, ತಾವು ತೆಗೆದ ಕೊನೆಯ ಫೋಟೊ ನೋಡಿದರು. ಅರ್ಧ ಗುಡ್ಡ, ಅರ್ಧ ಆಕಾಶ, ಮೂಲೆಯಲ್ಲಿ 'ಹಿಂದೆ ನೋಡಿ' ಎನ್ನುವ ಹೆಂಡತಿಯ ಒಂದು ಕೈ.

"ಈ ಸಲ ಚುಕ್ಕೆ ಅಲ್ಲ, ಕೈ. ಸುಧಾರಿಸಿದೀರ," ಎಂದರು ಜಯದೇವಿ.

ಬೆರಳು ಸರಿಸಿದರೆ ಮುಂದಿನದು ಜಯದೇವಿ ತೆಗೆದದ್ದು. ಬಂಗಾರದ ನೀರಲ್ಲಿ ನಿಂತ ಒಬ್ಬ ಗಂಡಸು, ಅವನ ಕೈಯಿಂದ ಜಲಪಾತದಂತೆ ಇಳಿಯುವ ಕೆಂಪು ಸೆರಗು, ಆಕಾಶದತ್ತ ಎತ್ತಿದ ಭಕ್ತಿಪರವಶ ಮುಖ. ಒಬ್ಬ ಗಂಡ ಹೆಂಡತಿಯ ಸೀರೆಯನ್ನು ಇಷ್ಟು ಪ್ರೀತಿಯಿಂದ ಒಗೆದದ್ದು ಲೋಕದಲ್ಲಿ ಇದೇ ಮೊದಲೇನೋ ಅನ್ನಿಸುವಂತಿತ್ತು.

ಫೋಟೊ ಬಸ್ಸಿನ ವಾಟ್ಸ್ಯಾಪ್ ಗುಂಪಿಗೆ ಹೋಯಿತು. ಮೊದಲು ಮುಂದಿನ ಸೀಟಿನ ಹೆಂಗಸರು ತಿರುಗಿ ನೋಡಿದರು, ಆಮೇಲೆ ಇಡೀ ಬಸ್ಸಿನ ಹೆಂಗಸರು. "ಎಷ್ಟು ಅದೃಷ್ಟ ಮಾಡಿದೀರಿ ಜಯಾ," ಎಂದು ಒಬ್ಬರು ಕಣ್ಣೊರೆಸಿಕೊಂಡರು. ನಿಜ ಹೇಳಲು ಗಿರಿರಾಜ್ ಬಾಯಿ ತೆರೆದರು. ಜಯದೇವಿ ಅವರ ಮೊಣಕೈ ಒತ್ತಿದರು.

"ಇರಲಿ ಬಿಡಿ," ಎಂದು ಪಿಸುಗುಟ್ಟಿದರು. "ನನ್ನ ಫೋಟೊ ಹೇಗೂ ನಿಮ್ಮ ಕೈಲಿ ಬರಲ್ಲ. ಹೊಗಳಿಕೆನಾದ್ರೂ ಬರ್ಲಿ."

ಬೆಳಿಗ್ಗೆ ವಸತಿಗೃಹದ ಹಿತ್ತಲಿನ ನಲ್ಲಿಯ ಬಳಿ ಗಿರಿರಾಜ್ ಮುಖ ತೊಳೆಯಲು ಹೋದರೆ, ಅಲ್ಲಿ ಸಹಪ್ರಯಾಣಿಕ, ಕೆಂಗೇರಿಯ ಭೈರೇಶ್ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಹೆಂಡತಿಯ ನೈಲಾನ್ ಸೀರೆ ಹಿಂಡುತ್ತಿದ್ದರು. ಅವರಾಚೆ ಇನ್ನೂ ಮೂವರು ಗಂಡಂದಿರು ಸರದಿಯಲ್ಲಿ ನಿಂತಿದ್ದರು. ಯಾರೂ ನಮಸ್ಕಾರ ಹೇಳಲಿಲ್ಲ.

ಭೈರೇಶ್ ಮಾತ್ರ ಸೋಪಿನ ನೊರೆಯ ಕೈಯಿಂದ ಹಣೆ ಒರೆಸಿಕೊಂಡು, ತಲೆಯೆತ್ತಿದರು.

"ಸಾರ್, ನೀವು ಎಷ್ಟು ಫೋಟೊ ಬೇಕಾದ್ರೂ ತೆಗೀರಿ, ಬಸ್ ನಿಲ್ಲಿಸ್ಕೊಂಡು ಕಾಯ್ತೀವಿ. ದಯವಿಟ್ಟು ನೀವು ಮಾತ್ರ ಫೋಟೊಗೆ ನಿಲ್ಲಬೇಡಿ."