ಎಮ್ಮೆ ಬದಲು ಎಲೆಕ್ಟ್ರಿಷಿಯನ್ ಟ್ರೇಡು

ತಿ. ನರಸೀಪುರದಲ್ಲಿ ನನ್ನದೊಂದು ಎಲೆಕ್ಟ್ರಿಕಲ್ ಅಂಗಡಿ ಇದೆ. ಮನೆ ವೈರಿಂಗು, ಪಂಪ್‌ಸೆಟ್ಟು, ಮಿಕ್ಸಿ ರಿಪೇರಿ, ಎಲ್ಲ ನಾನೇ ಮಾಡ್ತೀನಿ. ಹೆಂಗಸಾಗಿ ಈ ಕಸುಬು ಹಿಡಿದ ಮೇಲೆ ನಗೋದಕ್ಕೆ ವಿಷಯ ಹುಡುಕಿಕೊಂಡು ಹೋಗಬೇಕಾಗಿಯೇ ಇಲ್ಲ, ಅವೇ ಅಂಗಡಿ ಬಾಗಿಲಿಗೆ ಬರ್ತವೆ. ಆದರೆ ಮೊದಲನೆಯದು ನಡೆದದ್ದು ಅಂಗಡಿ ಹುಟ್ಟೋದಕ್ಕೂ ಮುಂಚೆ, ನಮ್ಮ ಮನೆ ಜಗಲಿ ಮೇಲೆ.

ಜಗಲಿ ಮೇಲಿನ ಲೆಕ್ಕ

ತೊಂಬತ್ತರ ದಶಕದ ಮಾತು. ನಮ್ಮೂರು ಕಳಲೆ ಪಕ್ಕದ ಒಂದು ಸಣ್ಣ ಹಳ್ಳಿ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದರು. ಹಾಗಾಗಿ ನಮ್ಮ ವ್ಯವಹಾರಕ್ಕೆಲ್ಲ ಅವ್ವನ ಅಣ್ಣ, ಅಂದರೆ ನನ್ನ ಮಾವನೇ ದೊಡ್ಡ ತಲೆ. ಅವ್ವ ಕೂಲಿ ಮಾಡಿ, ಹಾಲು ಕರೆಯೋ ಎಮ್ಮೆ ತರಬೇಕು ಅಂತ ದುಡ್ಡು ಕೂಡಿಟ್ಟಿದ್ದಳು. ಅಷ್ಟರಲ್ಲಿ ನಾನು ಎಸ್ಸೆಸ್ಸೆಲ್ಸಿ ಪಾಸಾಗಿ, ನಂಜನಗೂಡಿನ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿಗೆ ಸೇರ್ತೀನಿ ಅಂತ ಹಟ ಹಿಡಿದೆ.

ಮಾವ ಜಗಲಿ ಮೇಲೆ ಕೂತು ಬೆರಳು ಮಡಿಸೋಕೆ ಶುರು ಮಾಡಿದ. ಫೀಜು, ಬಸ್ ಪಾಸು, ಖಾಕಿ ಬಟ್ಟೆ, ಟೂಲ್ಸು. ಕೈ ಬೆರಳು ಮುಗಿದಾಗ ಹೇಳಿದ, "ನೋಡವ್ವಾ, ಸರಿಯಾಗಿ ಒಂದ್ ಎಮ್ಮೆ ಆಯ್ತದೆ. ಎಮ್ಮೆ ತಂದ್ರೆ ನಾಳಿಂದ್ಲೇ ಆಲು. ಇವಳು ಎರಡ್ ವರ್ಸ ಏನ್ ಕೊಟ್ಟಾಳು?"

ಮಾವ ಇನ್ನೊಂದು ಕಾರಣ ತೆಗೆದ. "ಅದೂ ಅಲ್ದೆ, ಎಮ್ಮೆ ಎಲ್ಲಿಗೂ ಓಗಕ್ಕಿಲ್ಲ. ಕಟ್ಟಿದ ಕಡೆ ಕೊಟ್ಟಿಗೇಲೇ ಬಿದ್ದಿರ್ತದೆ."

ಅವ್ವ ಎದ್ದು ಸೆರಗು ಕೊಡವಿದಳು. "ಅದ್ಕೇ ಕಣಣ್ಣೋ, ಇವಳ್ನ ಓದಿಸ್ತಿರೋದು."

ಕಂಬದ ಪರೀಕ್ಷೆ

ಕ್ಲಾಸಿನಲ್ಲಿ ನಾನೊಬ್ಬಳೇ ಹುಡುಗಿ. ಸೇರಿಸೋಕೆ ಹೋದ ದಿನ ಆಫೀಸಿನವರು, "ಹೊಲಿಗೆ ಕ್ಲಾಸು ಆ ಕಡೆ ಬಿಲ್ಡಿಂಗಮ್ಮ" ಅಂತ ಅವ್ವನಿಗೆ ದಾರಿ ತೋರಿಸಿದ್ದರು. "ಒಲಿಯಾದು ನಂಗೇ ಗೊತ್ತು, ಕರೆಂಟ್ ಎಲ್ಲಿ ಏಳಿ ಸಾ" ಅಂದಿದ್ದಳು ಅವ್ವ.

ನಮ್ಮ ಮೇಷ್ಟ್ರು ತುಂಬಾ ಮರ್ಯಾದಸ್ಥರು. ಕಂಬ ಹತ್ತೋ ಪ್ರಾಕ್ಟಿಕಲ್ ದಿನ ನನ್ನ ಸರದಿ ಬಂದಾಗ ಹುಡುಗರಿಗೆಲ್ಲ, "ಲೇ, ಆ ಕಡೆ ತಿರುಗ್ರೋ" ಅಂದರು. ಎಲ್ಲರೂ ತಿರುಗಿದರು. ಮೇಷ್ಟ್ರೂ ತಿರುಗಿ ನಿಂತರು. ನಾನು ಚೂಡಿದಾರದ ಮೇಲೆ ಖಾಕಿ ಅಂಗಿ ತೊಟ್ಟು, ಸೊಂಟಕ್ಕೆ ಬೆಲ್ಟು ಬಿಗಿದು ಸರಸರ ಹತ್ತಿದೆ. ಮೇಲೆ ಹೋಗಿ ನೋಡ್ತೀನಿ, ಕೆಳಗೆ ಬರೀ ಬೆನ್ನುಗಳು. ಮಾರ್ಕ್ಸು ಕೊಡೋರು ಯಾರು?

"ಸಾ, ಹತ್ತಿದೀನಿ!"

ಮೇಷ್ಟ್ರು ತಿರುಗದೇ ಕೇಳಿದರು, "ಏನಮ್ಮಾ ಕಾಣ್ತಾ ಇದೆ?"

"ದೇವಸ್ಥಾನದ ಗೋಪುರ, ಸಾ."

"ಅದು ನೆಲದ ಮೇಲೆ ನಿಂತ ನಂಗೂ ಕಾಣ್ತಾ ಇದೆ. ಇನ್ನೂ ಹತ್ತು."

ಹತ್ತಿದೆ. "ಈಗ ಹೊಳೆ ಕಾಣ್ತಾ ಇದೆ ಸಾ. ಯಾರೋ ಬಟ್ಟೆ ಒಗೀತಾ ಅವ್ರೆ."

"ಹಂಗಾದ್ರೆ ಪಾಸು. ಇಳಿ."

ಮೊದಲ ಸಂಪಾದನೆ

ಸರ್ಟಿಫಿಕೇಟ್ ಬಂತು. ಅವ್ವ ಅದಕ್ಕೆ ಫ್ರೇಮ್ ಹಾಕಿಸಿ ದೇವರ ಪಟದ ಸಾಲಿನಲ್ಲೇ ತೂಗುಹಾಕಿ, ದಿನಾ ಅದಕ್ಕೂ ಊದುಬತ್ತಿ ಬೆಳಗುತ್ತಿದ್ದಳು. ಕೆಲಸವೂ ಬೇಕಾದಷ್ಟು ಬಂತು. ಬಾರದೆ ಇದ್ದದ್ದು ದುಡ್ಡು. ಊರಿನವರಿಗೆಲ್ಲ ನಾನು ಮನೆಮಗಳು. ಫ್ಯೂಸ್ ಕಟ್ಟಿಕೊಟ್ಟರೆ ಕುಂಬಳಕಾಯಿ, ಫ್ಯಾನ್ ರಿಪೇರಿ ಮಾಡಿದರೆ ಅವರೆಕಾಯಿ. ದೊಡ್ಡ ಮನೆಯ ಯಜಮಾನರ ಪಂಪ್‌ಸೆಟ್ ಸರಿಮಾಡಿದ್ದಕ್ಕೆ ಅವರ ತೋಟದ ರಸಬಾಳೆ ಗೊನೆಯೇ ಬಂತು.

ಅದೇ ಸಂಜೆ ಮಾವ ಬಂದ. ಜಗಲಿ ಮೇಲೆ ಕೂತು ಬಾಳೆಹಣ್ಣು ಸುಲಿದು ಬಾಯಿಗೆ ಹಾಕಿಕೊಳ್ಳುತ್ತಾ, "ಓದಿಸ್ದೆ ಓದಿಸ್ದೆ ಅಂತಿದ್ದೆ. ಎಲ್ಲವ್ವ ಇವಳ ಸಂಬಳ?" ಅಂದ.

"ನೀನೀಗ ನುಂಗಿದ್ಯಲ್ಲ, ಅದೇ" ಅಂದಳು ಅವ್ವ.

ಮಾವ ಗೊನೆಗೆ ಕೈ ಹಾಕಿ ಇನ್ನೊಂದು ಹಣ್ಣು ಕಿತ್ತ. "ಸಂಬಳ ಏನೋ ಚೆನ್ನಾಗೇ ಅದೆ ಬುಡು."

ಬಸ್ಸಿನಲ್ಲಿ ಸುದ್ದಿ

ಊರಿನಲ್ಲಿ ದುಡ್ಡು ಹುಟ್ಟಲ್ಲ ಅಂತ ಗೊತ್ತಾಗಿ, ಹೊರಗೆ ವೈರಿಂಗ್ ಕೆಲಸ ಹಿಡಿದೆ. ನಂಜನಗೂಡಿಂದ ಸುತ್ತೂರು ಮೇಲೆ ನರಸೀಪುರಕ್ಕೆ ಹೋಗೋ ಬಸ್ಸಿನಲ್ಲಿ ಓಡಾಟ. ಅದರ ಕಂಡಕ್ಟರ್ ನನ್ನ ವೈರ್ ಸುರುಳಿಗೆ ಲಗೇಜ್ ಟಿಕೆಟ್ ಹಾಕ್ತೀನಿ ಅಂತ ದಿನಾ ಜಗಳ ತೆಗೀತಿದ್ದರು. ಆ ಜಗಳ ಮದುವೆಯಲ್ಲಿ ಮುಗಿಯಿತು. ನರಸೀಪುರದಲ್ಲೇ ಮನೆ ಮಾಡಿದೆವು, ಅಂಗಡಿ ಹಾಕಿದೆವು.

ಒಂದು ತಿಂಗಳು ಊರಲ್ಲಿ ಮನೆ ಕಟ್ಟೋರ ಭರಾಟೆ. ನನ್ನ ಸಂಪಾದನೆ ನಮ್ಮವರ ಸಂಬಳವನ್ನು ದಾಟಿಬಿಟ್ಟಿತು. ಹೇಳಲೋ ಬೇಡವೋ ಅಂತ ಅಳುಕುತ್ತಲೇ ಹೇಳಿದೆ. ಬೇರೆ ಗಂಡಸರಾಗಿದ್ದರೆ ಮುಖ ಗಂಟಿಕ್ಕುತ್ತಿದ್ದರೇನೋ. ಇವರು ಮಾರನೇ ದಿನ ಟಿಕೆಟ್ ಹರಿಯುತ್ತಾ ಸೀಟು ಸೀಟಿಗೂ ಹೇಳಿದರಂತೆ, "ನಮ್ಮ ಮನೆಯೋರು ಈ ತಿಂಗಳು ನನ್ನನ್ನ ಮೀರಿಸಿಬಿಟ್ರು ಕಣ್ರೀ!"

ಹಿಂದಿನ ಸೀಟಿನಲ್ಲಿದ್ದ ಒಬ್ಬ ಅಜ್ಜಿ ಸೆರಗಿನಿಂದ ಬಿಚ್ಚುತ್ತಿದ್ದ ಕಾಸನ್ನು ಮತ್ತೆ ಗಂಟು ಕಟ್ಟಿಕೊಂಡಳಂತೆ. "ಅಂಗಾರೆ ನಮ್ ಕಾಸು ನಿಂಗ್ಯಾಕಪ್ಪಾ?"

ಸ್ಟಾರ್ಟರ್ ಮುಂದೆ ನಮ್ಮವರು

ನಮ್ಮವರಿಗೆ ಕರೆಂಟ್ ಅಂದರೆ ಜೀವಭಯ. ಮನೆ ಸ್ವಿಚ್ಚನ್ನೂ ಚಪ್ಪಲಿ ಮೆಟ್ಟಿಕೊಂಡೇ ಒತ್ತುತ್ತಾರೆ. ರಜೆ ದಿನ ಅಂಗಡಿಯಲ್ಲಿ ಕೂತಿರ್ತಾರೆ, ಅಷ್ಟೇ. ಗಿರಾಕಿಗಳು ನನ್ನನ್ನು ಬಿಟ್ಟು ಅವರಿಗೇ ತೊಂದರೆಯೆಲ್ಲ ಹೇಳ್ತಾರೆ. ಇವರು ಗಂಭೀರವಾಗಿ ತಲೆ ಆಡಿಸಿ ಆಮೇಲೆ ನನ್ನ ಕಡೆ ತಿರುಗ್ತಾರೆ.

ಒಂದು ದಿನ ನಾನು ಬೇರೆ ಕೆಲಸಕ್ಕೆ ಹೋಗಿದ್ದಾಗ ಹೊಳೆ ಕಡೆಯ ರೈತರೊಬ್ಬರು ಧಾವಿಸಿ ಬಂದರಂತೆ. ಮೋಟರು ನಿಂತಿದೆ, ಭತ್ತ ಒಣಗ್ತಾ ಇದೆ. "ನಾನಲ್ಲ ಕಣ್ರೀ" ಅಂತ ಇವರು ಹೇಳೋದನ್ನೂ ಕೇಳದೆ, ಅಂಗಡಿಯಲ್ಲಿದ್ದ ಇನ್ನೊಂದು ಟೂಲ್ಸ್ ಬ್ಯಾಗ್ ಸಮೇತ ಸ್ಕೂಟರ್ ಮೇಲೆ ಕೂರಿಸಿಕೊಂಡು ಹೊರಟೇಬಿಟ್ಟರು. ಪಕ್ಕದ ಅಂಗಡಿಯವರಿಂದ ವಿಷಯ ತಿಳಿದು ನಾನು ಆಟೋ ಹಿಡಿದು ಓಡಿದೆ.

ಹೋಗಿ ನೋಡಿದರೆ, ಪಂಪ್‌ಹೌಸ್ ಒಳಗೆ ಸ್ಟಾರ್ಟರ್ ಪೆಟ್ಟಿಗೆಗೆ ಮಾರು ದೂರದಲ್ಲಿ ನಮ್ಮವರು ಕೈಕಟ್ಟಿ ನಿಂತಿದ್ದಾರೆ, ದೇವರ ಮುಂದೆ ನಿಂತ ಹಾಗೆ. ರೈತರು ನನಗೆ ಪಿಸುಗುಟ್ಟಿದರು, "ಶ್, ಮಾತಾಡ್ಬ್ಯಾಡಿ ಕಣಮ್ಮ. ಯಜಮಾನ್ರು ಆಗ್ಲಿಂದ ಸ್ಟಡಿ ಮಾಡ್ತಾವ್ರೆ."

ನಾನು ಮೇನ್ ಇಳಿಸಿ ಪೆಟ್ಟಿಗೆ ಬಿಚ್ಚಿದೆ. ಕಾಂಟ್ಯಾಕ್ಟ್ ಸುಟ್ಟುಹೋಗಿತ್ತು, ಬದಲಾಯಿಸಿ ಗುಂಡಿ ಒತ್ತಿದೆ. ನೀರು ಭರ್ರನೆ ಗದ್ದೆ ಕಾಲುವೆಗೆ ಬಿತ್ತು. ರೈತರ ಮುಖ ಅರಳಿತು. ಕೂಲಿಯನ್ನು ತೆಗೆದು ನೇರ ನಮ್ಮವರ ಕೈಗಿಟ್ಟು, ಬೆನ್ನು ತಟ್ಟಿ ಹೇಳಿದರು, "ಭೇಷ್ ಕಣ್ರೀ! ಎಂಡ್ರುಗೆ ಎಷ್ಟ್ ಚೆನ್ನಾಗಿ ಕಲ್ಸಿದೀರಿ!"

ನನಗೆ ಒಳಗೊಳಗೇ ಉರಿಯಿತು. ನಮ್ಮವರು ಮಾತ್ರ ಆ ದುಡ್ಡನ್ನು ಹಾಗೇ ನನ್ನ ಕೈಗೆ ದಾಟಿಸಿ, ಎದೆಯುಬ್ಬಿಸಿ ಅಂದರು:

"ಏನ್ ಯಜಮಾನ್ರೇ ನೀವು! ನಂಗೆ ಒಂದು ಬಲ್ಬ್ ಹಾಕೋಕಾದ್ರೂ ಬಂದಿದ್ರೆ, ಇವಳು ಬಸ್ಸಲ್ಲಿ ಮಾಡ್ತಿದ್ದ ಜಗಳ ನೋಡಿಯೂ ಯಾಕೆ ಮದುವೆ ಆಗ್ತಿದ್ದೆ?"