ಮಂಗ್ಯಾ ತೆರೆಯದ ಕಿಟಕಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಚಮಚೆ ಕುಸುಬಿ ಎಣ್ಣೆ.

ಬಾದಾಮಿಯಲ್ಲಿ ಬೇಸಿಗೆಯ ಬಿಸಿಲು ಹೊತ್ತು ಮುಳುಗಿದರೂ ಮುಗಿಯುವುದಿಲ್ಲ. ಹಗಲೆಲ್ಲ ಕುಡಿದ ಕಾವನ್ನು ಕೆಂಪು ಗುಡ್ಡ ಸಂಜೆ ಊರಿನ ಮೇಲೆ ಉಗುಳುತ್ತದೆ. ಹೈಸ್ಕೂಲಿನ ಗುಮಾಸ್ತ ಶಿವಪುತ್ರ ಮಾಳಿಗೆಯ ಮೇಲೆ ಒಂದು ಕೋಣೆ ಕಟ್ಟಿಸಿದ್ದು ಈ ಕಾವಿನಿಂದ ಪಾರಾಗಲೆಂದೇ. ಗೋಡೆ ಎಬ್ಬಿಸುವುದು ಸಲೀಸಾಗಿ ಮುಗಿಯಿತು. ಕಿಟಕಿ ಆರಿಸುವುದರಲ್ಲಿ ಮಾತ್ರ ಅವನ ನೆತ್ತಿ ಅರ್ಧ ಬೋಳಾಯಿತು.

ಕಬ್ಬಿಣದ ಕಿಟಕಿಯಾದರೆ ಮಧ್ಯಾಹ್ನ ಮುಟ್ಟಿದವನ ಬೆರಳು ರೊಟ್ಟಿಯಂತೆ ಸುಡುತ್ತದೆ. ಹಸಿ ಕಟ್ಟಿಗೆಯದಾದರೆ ಬೇಸಿಗೆಗೆ ಸೊರಗಿ, ಸಂದಿ ಬಿಟ್ಟು, ಹಾಸಿಗೆ ತುಂಬ ಕೆಮ್ಮಣ್ಣು ಸುರಿಯುತ್ತದೆ. ಸರಿಸುವ ಕಿಟಕಿಯ ಹಳಿಯಲ್ಲಿ ಧೂಳು ಕೂತರೆ ಅದು ಮುನಿಸಿಕೊಂಡ ಎತ್ತಿನಂತೆ ನಿಂತಲ್ಲೇ ನಿಲ್ಲುತ್ತದೆ. ಹಾಗಾಗಿ ಚೆನ್ನಾಗಿ ಒಣಗಿದ ಸಾಗವಾನಿಯಲ್ಲಿ, ಹೊರಕ್ಕೆ ತೆರೆಯುವ ಎರಡು ಪಡಿಗಳ ಕಿಟಕಿಯೇ ಸರಿ ಎಂದು ತೀರ್ಮಾನವಾಯಿತು. ಪಡಿಗಳಿಗೆ ಕಂದು ಗಾಜಿನ ಸಣ್ಣ ಸಣ್ಣ ಚೌಕ, ಮೇಲೆ ನೆರಳಿಗೆ ಛಜ್ಜಾ.

"ಗ್ರಿಲ್ ಹಾಕೂಣೇನ್ರಿ?" ಎಂದು ಬಡಿಗ ಜಲಾಲುದ್ದೀನ ಕೇಳಿದ.

"ಬ್ಯಾಡೋ ಮಾರಾಯಾ. ಗಾಳಿ ತಿನ್ನಾಕ ಕೋಣಿ ಕಟ್ಟಿಸಿ ಜೇಲಿನ್ಯಾಗ ಕುಂತಂಗ ಆಗತೈತಿ."

"ಮಂಗ್ಯಾ ಬರ್ತಾವ್ರಿ ಮತ್ತ."

ಅದಕ್ಕೂ ಶಿವಪುತ್ರನ ಬಳಿ ಉತ್ತರವಿತ್ತು. ಬಾಗಲಕೋಟೆಯ ಅಂಗಡಿಯೊಂದರಿಂದ ಹಿತ್ತಾಳೆಯ ಹೊಸ ನಮೂನೆಯ ಚಿಲಕ ತಂದಿದ್ದ. ಅದಕ್ಕೆ ಒಳಗೊಂದು ಹಿಡಿಕೆ, ಹೊರಗೊಂದು ಹಿಡಿಕೆ. ಮೊದಲು ಒತ್ತಬೇಕು, ಆಮೇಲೆ ಎತ್ತಬೇಕು, ಕೊನೆಗೆ ತಿರುವಬೇಕು. "ಬಾದಾಮಿ ಮಂಗ್ಯಾನ್ನ ಕಾಲೇಜಿಗೆ ಹಚ್ಚಿದ್ರೂ ಇದು ಅದಕ್ಕ ಬಗಿಹರಿಯಂಗಿಲ್ಲ" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದ. ಹೆಂಡತಿ ಅನುರಾಧಾ ಮಾತ್ರ, "ನಮ್ಮಪ್ಪನ ಮನ್ಯಾಗ ಸರಳಿನ ಕಿಡಕಿ ಅದಾವು. ಅವನ್ನ ಹೆಂಗ ತಗೀಬೇಕಂತ ಇಲ್ಲೀತನಕ ಯಾರೂ ಯಾರಿಗೂ ಕಲಿಸಿಲ್ಲ" ಎಂದಿದ್ದಳು.

ಕಿಟಕಿ ಕೂತ ಮೇಲೆ ಚಿಲಕ ಕಿರ್ ಎನ್ನತೊಡಗಿತು. ಪಕ್ಕದ ಮನೆಯ ಹೊಳಬಸಪ್ಪ ನಿವೃತ್ತ ಬಸ್ ಕಂಡಕ್ಟರು. ಯಾವ ಸದ್ದಿಗೂ ಅವನಲ್ಲಿ ಮದ್ದಿತ್ತು. "ಎರಡ ಹನಿ ಕುಸುಬಿ ಎಣ್ಣಿ ಬಿಡೋ. ನಾ ನಮ್ಮ ಬಸ್ಸಿನ ಬಾಗಲಕ್ಕ ಅದನ್ನ ಬಿಡತಿದ್ದೆ" ಎಂದ. ಶಿವಪುತ್ರ ಒಂದು ಚಮಚೆ ಬಿಟ್ಟ. ಸದ್ದೇನೋ ನಿಂತಿತು. ಆದರೆ ಎಣ್ಣೆ ಹಗಲೂ ರಾತ್ರಿ ಗುಡ್ಡದ ಕೆಂಪು ಧೂಳನ್ನು ಕರೆಕರೆದು ಕೂರಿಸಿಕೊಂಡಿತು. ಮುಂದಿನ ಭಾನುವಾರದ ಹೊತ್ತಿಗೆ ಬಿಜಾಗರಿಗಳಲ್ಲೂ ಚಿಲಕದಲ್ಲೂ ಕೆಂಪು ಚಟ್ನಿ ತುಂಬಿತ್ತು.

ಆ ಭಾನುವಾರ ಊಟವಾದ ಮೇಲೆ ಶಿವಪುತ್ರ ಕಿಟಕಿ ಮುಚ್ಚಿ, ಮಂಚದ ಹಿಂದೆ ನೆಲದ ಮೇಲೆ ಅಂಗಾತ ಮಲಗಿ, ಕೆಳಗಿನ ಬಿಜಾಗರಿಯ ಚಟ್ನಿಯನ್ನು ಹೆಂಡತಿಯ ಹೇರ್‌ಪಿನ್ನಿನಿಂದ ಕೆರೆಯುತ್ತಿದ್ದ. ಕುಳಗೇರಿ ಕ್ರಾಸಿನ ಅತ್ತಿಗೆಯ ಮನೆಗೆ ಹೊರಟಿದ್ದ ಅನುರಾಧಾ ಬಾಗಿಲಲ್ಲಿ ಇಣುಕಿದಳು. ಮಂಚದ ಆಚೆ ಯಾರೂ ಕಾಣಲಿಲ್ಲ. ಗಂಡ ಕಟಿಂಗಿಗೆ ಹೋಗಿರಬೇಕೆಂದುಕೊಂಡು, ಮಂಗ ನುಗ್ಗದಿರಲೆಂದು ಕೋಣೆಗೆ ಹೊರಗಿನಿಂದ ಅಗಳಿ ಹಾಕಿ, ಕೆಳಗೆ ಮನೆಗೆ ಬೀಗ ಜಡಿದು, ಬಸ್ಸು ಹಿಡಿಯಲು ಹೊರಟಳು.

ಅಗಳಿಯ ಸದ್ದು ಕೇಳಿದ ಶಿವಪುತ್ರ ಮಂಚದ ಸಂದಿಯಿಂದ ಮೈ ಬಿಡಿಸಿಕೊಂಡು ಎದ್ದು, ಕಿಟಕಿಗೆ ಬಂದು ಕೂಗುವಷ್ಟರಲ್ಲಿ ಅವಳ ಸೀರೆಯ ಸೆರಗು ಓಣಿಯ ತಿರುವಿನಲ್ಲಿ ಮಾಯವಾಗುತ್ತಿತ್ತು. "ಇರಲಿ, ಕಿಡಕಿ ಐತೆಲ್ಲ" ಎಂದುಕೊಂಡ. ಒತ್ತಿದ, ಎತ್ತಿದ, ತಿರುವಿದ. ಚಿಲಕ ಅಲುಗಲಿಲ್ಲ. ಗೋಡೆಗೆ ಕಾಲು ಕೊಟ್ಟು ಎರಡೂ ಕೈಯಿಂದ ಜಗ್ಗಿದ. ಹಿತ್ತಾಳೆಯ ಹಿಡಿಕೆ ಬದನೆಕಾಯಿ ಕಿತ್ತಂತೆ ಕೈಗೆ ಬಂತು. ಅವನು ಹಿಡಿಕೆಯ ಸಮೇತ ಮಂಚದ ಮೇಲೆ ಬಿದ್ದ.

ಕೋಣೆ ಆಗಲೇ ಕಾಯತೊಡಗಿತ್ತು. ಕಿಟಕಿಯ ಮೇಲೆ ಗಾಳಿಗೆಂದು ಬಿಟ್ಟ ಕಂಡಿಗೆ ಬಾಯಿಟ್ಟು, "ಹೊಳಬಸಪ್ಪಣ್ಣಾ!" ಎಂದು ಒದರಿದ.

ಹೊಳಬಸಪ್ಪ ಬಂದ. ಎದುರು ಮನೆಯ ಚಂದವ್ವ ಸೊಪ್ಪು ಸೋಸುವುದನ್ನು ಬಿಟ್ಟು ಬಂದಳು. ಅವರಿಬ್ಬರೂ ತಲೆಯೆತ್ತಿ ನಿಂತದ್ದನ್ನು ಕಂಡು ಉಳಿದ ಓಣಿಯೂ ಬಂತು.

"ಒಳಗ ಏನ್ ಮಾಡಾಕತ್ತೀಯೋ?" ಎಂದ ಹೊಳಬಸಪ್ಪ.

"ಸಿಕ್ಕೊಂಡೇನ್ರಿ!"

"ಯಾರ ಕೂಡ?"

"ಯಾರ ಕೂಡನೂ ಇಲ್ರಿ, ಒಬ್ಬನ!"

"ಒಬ್ಬನ ಹೆಂಗ ಸಿಕ್ಕೊಂತಿ? ನೆಟ್ಟಗ ಹೇಳು."

ನೆಟ್ಟಗೆ ಹೇಳಿ ಮುಗಿಸುವಷ್ಟರಲ್ಲಿ ಶಿವಪುತ್ರನ ಗಂಟಲು ಒಣಗಿತು. ಜಲಾಲುದ್ದೀನನಿಗೆ ಹೇಳಿಕಳಿಸಿದರು. ಅವನು ನಿಚ್ಚಣಿಕೆ ಹೊತ್ತು ತಂದು ಗೋಡೆಗಾನಿಸಿ, ತುದಿಯ ಮೆಟ್ಟಿಲೇರಿ ಕೈ ಚಾಚಿದ. ಹೊರಗಿನ ಹಿಡಿಕೆ ಒಂದು ಮೊಳ ದೂರ ಉಳಿಯಿತು.

"ನಿಚ್ಚಣಿಕಿ ಗಿಡ್ಡ ಆತ್ರಿ" ಎಂದ.

"ನಿಚ್ಚಣಿಕಿ ಸರಿ ಐತಿ, ನೀ ಗಿಡ್ಡ ಅದಿ" ಎಂದಳು ಚಂದವ್ವ.

"ಗಾಜ ಒಡದು ಹೊರಗ ಬಾರೋ!" ಎಂದು ಹೊಳಬಸಪ್ಪ ಅಪ್ಪಣೆ ಮಾಡಿದ.

"ಚೌಕ ಸಣ್ಣವ್ರಿ" ಎಂದು ಜಲಾಲುದ್ದೀನ ಮೆಟ್ಟಿಲ ಮೇಲಿಂದಲೇ ಲೆಕ್ಕ ಹಾಕಿದ. "ತಲಿ ಹಾಯತೈತಿ. ಹೊಟ್ಟಿ ಹಾಯಂಗಿಲ್ಲ. ನಡುವ ಸಿಕ್ಕರ ಮತ್ತ ಗೋಡಿ ಒಡೀಬೇಕಾಗತೈತಿ. ಅದಕ್ಕಿಂತ ಕೆಳಗಿನ ಬೀಗಾನ ಒಡ್ಯೂಣ್ರಿ."

"ಬೀಗ ಮುಟ್ಟಬ್ಯಾಡ್ರಿ!" ಶಿವಪುತ್ರ ಹೌಹಾರಿದ. ಬೀಗ ಒಡೆದರೆ ಅನುರಾಧಾಗೆ ಗೊತ್ತಾಗುತ್ತದೆ. ಅವಳಿಗೆ ಗೊತ್ತಾದರೆ ಈ ಕಿಟಕಿಯ ಕತೆ ಅವಳ ತವರಿನಲ್ಲಿ ಮೂರು ತಲೆಮಾರು ನಡೆಯುತ್ತದೆ. "ಆಕಿ ಸಂಜಿ ಬಸ್ಸಿಗೆ ಬರತಾಳ. ಅಷ್ಟರಾಗ ಹೆಂಗರ ಮಾಡಿ ಸದ್ದಿಲ್ಲದ ತಗೀರಿ."

ಓಣಿಗೆ ಓಣಿಯೇ ನೆರೆದು ಸದ್ದಿಲ್ಲದೆ ಪ್ರಯತ್ನಿಸತೊಡಗಿತು. ಹೊಳಬಸಪ್ಪ ಹುಣಸೆಕಾಯಿ ಕೀಳುವ ಕೊಕ್ಕೆಕೋಲು ತಂದ. ಜಲಾಲುದ್ದೀನ ಅದರಿಂದ ಹಿಡಿಕೆಯನ್ನು ತಿವಿದ. ಕೊಕ್ಕೆ ಛಜ್ಜಾಕ್ಕೆ ಸಿಕ್ಕಿಬಿದ್ದು ಕೋಲು ಅಲ್ಲೇ ಬಾವುಲಿಯಂತೆ ಜೋತಾಡಿತು. ಅದನ್ನು ಬಿಡಿಸಲು ಇನ್ನೊಂದು ಕೋಲು ಬಂತು. ಅದು ಕೈತಪ್ಪಿ ಚಂದವ್ವನ ಅಂಗಳದಲ್ಲಿ ಬಿದ್ದು ಉಪ್ಪಿನಕಾಯಿಯ ಭರಣಿ ಒಡೆಯಿತು. ಆಮೇಲೆ ಒಂದಷ್ಟು ಹೊತ್ತು ಶಿವಪುತ್ರನನ್ನು ಎಲ್ಲರೂ ಮರೆತು ಉಪ್ಪಿನಕಾಯಿಯ ನ್ಯಾಯ ತೀರಿಸಿದರು.

ಬೆವರಿನಲ್ಲಿ ನೆನೆದ ಶಿವಪುತ್ರ ನೀರಿಗಾಗಿ ಕೋಣೆಯನ್ನೆಲ್ಲ ತಡಕಿದ. ಒಂದು ತಂಬಿಗೆ ನೀರು ಸಿಕ್ಕಿತು. ಅದರ ಹಿಂದೆ, ಹಳೆಯ ಸೀರೆಯಲ್ಲಿ ಸುತ್ತಿದ ಡಬ್ಬಿಯಲ್ಲಿ ಅಮೀನಗಡದ ಕರದಂಟು. ಅವನ ಕಣ್ಣಿಗೆ ಬೀಳದಿರಲೆಂದು ಅನುರಾಧಾ ಇಟ್ಟದ್ದು. ಒಂದು ತುಂಡು ಬಾಯಿಗಿಟ್ಟುಕೊಂಡು ತಿರುಗಿದರೆ, ಗಾಜಿನಾಚೆ ಒಂದು ಕೆಂಪು ಮೋರೆ ಅವನ ದವಡೆಯನ್ನೇ ನೋಡುತ್ತ ಕೂತಿತ್ತು.

ಒಳ್ಳೇ ಗಾತ್ರದ ಗಂಡು ಮಂಗ. ಪಕ್ಕದ ಬೇವಿನ ಮರದಿಂದ ಛಜ್ಜಾಕ್ಕೆ, ಛಜ್ಜಾದಿಂದ ಕಿಟಕಿಯ ಅಂಚಿಗೆ ಇಳಿದಿತ್ತು.

ಶಿವಪುತ್ರ ಸ್ವಲ್ಪ ಹೊತ್ತು ಯೋಚಿಸಿದ. ಮಾನವೋ ಪ್ರಾಣವೋ ಎಂದಾಗ ಪ್ರಾಣ ಗೆದ್ದಿತು. ಇನ್ನೊಂದು ತುಂಡು ಕರದಂಟು ತೆಗೆದು ಗಾಜಿಗೆ ಹಿಡಿದು, "ತಗಿಯೋ ನಮ್ಮಪ್ಪಾ. ಮೊದಲ ಒತ್ತು" ಎಂದ.

ಮಂಗ ಗಾಜನ್ನು ನೆಕ್ಕಿತು. ಪಡಿಗಳನ್ನು ಗುದ್ದಿತು. ಆಮೇಲೆ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದು, ಒಂದು ಕಾಲನ್ನು ಚೌಕಟ್ಟಿಗೆ ಕೊಟ್ಟು ಎಲ್ಲ ದಿಕ್ಕಿಗೂ ಒಟ್ಟಿಗೇ ಅಲುಗಾಡಿಸಿತು. ಒಳಗೆ ಎಲ್ಲೋ ಒಣಗಿದ ಚಟ್ನಿ ಪುಡಿಯಾಗಿ ಉದುರಿತು. ಖಟ್ ಎಂದಿತು ಚಿಲಕ. ಎರಡೂ ಪಡಿಗಳು ಹೊರಕ್ಕೆ ತೆರೆದುಕೊಂಡವು. ಮಂಗ ಒಳಗೆ ಹಾರಿ ಮಂಚದ ಮೇಲೆ ಕೂತು ಡಬ್ಬಿಗೆ ಕೈ ಹಾಕಿತು. ಗುಡ್ಡದ ಕಡೆಯಿಂದ ಸಂಜೆಯ ಮೊದಲ ಗಾಳಿ ಶಿವಪುತ್ರನ ಬೆವರಿದ ಎದೆಗೆ ತಾಗಿತು. ಆಹಾ! ಇದಕ್ಕಾಗಿಯೇ ಅಲ್ಲವೇ ಈ ಕಿಟಕಿ ಮಾಡಿಸಿದ್ದು ಎನಿಸಿ ಅವನು ಒಂದು ಗಳಿಗೆ ಕಣ್ಣು ಮುಚ್ಚಿ ನಿಂತ. ನಿಲ್ಲದೆ ನೇರವಾಗಿ ನಿಚ್ಚಣಿಕೆಗೆ ಕಾಲಿಟ್ಟಿದ್ದರೆ ಪಾರಾಗುತ್ತಿದ್ದ.

"ಅಯ್ಯಯ್ಯ, ಮಂಗ್ಯಾ ಹೊಕ್ಕೈತಿ!" ಎಂದು ಚಂದವ್ವ ಚೀರಿದಳು. "ಶಿವಪುತ್ರನ್ನ ಕಚ್ಚತೈತಿ, ಹೊಡೀರಿ!"

ಹೊಳಬಸಪ್ಪ ಕೋಲೆತ್ತಿದ. ಓಣಿಯೆಲ್ಲ ಹೋ ಎಂದು ಬಿದಿರು, ಬಡಿಗೆ, ಚಪ್ಪಲಿ ಎತ್ತಿ ಕಿಟಕಿಯತ್ತ ನುಗ್ಗಿತು. ಮಂಗ ಕಿಟಕಿಗೆ ಬಂದು ಕೆಳಗೆ ನೋಡಿತು. ಹೊರಗೆ ಇಷ್ಟು ಜನ, ಒಳಗೆ ಇವನೊಬ್ಬ. ಒಳಗೇ ಕ್ಷೇಮವೆನಿಸಿರಬೇಕು. ಎರಡೂ ಕೈಚಾಚಿ ಎರಡೂ ಪಡಿಗಳನ್ನು ರಪ್ಪೆಂದು ಎಳೆದುಕೊಂಡಿತು.

ಖಟ್ ಎಂದಿತು ಚಿಲಕ.

ಓಣಿಯವರು ಎತ್ತಿದ್ದ ಕೋಲು, ಚಪ್ಪಲಿಗಳನ್ನು ಒಂದೊಂದಾಗಿ ಇಳಿಸಿದರು. ಅಷ್ಟರಲ್ಲಿ ಸಂಜೆಯ ಬಸ್ಸಿಳಿದ ಅನುರಾಧಾ ಕೈಚೀಲ ಹಿಡಿದುಕೊಂಡು ನಡೆದು ಬಂದಳು. ಜನರನ್ನು ನೋಡಿದಳು, ಛಜ್ಜಾದಿಂದ ಜೋತಾಡುವ ಕೋಲನ್ನು ನೋಡಿದಳು, ಆಮೇಲೆ ಕಂದು ಗಾಜಿನ ಹಿಂದೆ ಅಕ್ಕಪಕ್ಕ ಕೂತಿದ್ದ ಎರಡು ಮೋರೆಗಳನ್ನು ನೋಡಿದಳು.

"ಜಲಾಲುದ್ದೀನ, ಆ ಕಿಡಕಿ ಯಾರು ತಗದ್ರು?"

"ಮಂಗ್ಯಾರೀ ಅಕ್ಕಾರ."

"ಮುಚ್ಚಿದವರು?"

"ಅದೂ ಮಂಗ್ಯಾನ್ರಿ."

"ಮತ್ತ ನಮ್ಮನಿಯವರು ಏನ್ ಮಾಡಾಕತ್ತಾರ?"

ಜಲಾಲುದ್ದೀನ ನಿಚ್ಚಣಿಕೆಯ ತುದಿಗೇರಿ, ಹಣೆಗೆ ಕೈಹಚ್ಚಿ ಗಾಜಿನೊಳಗೆ ನಿಟ್ಟಿಸಿದ.

"ಕರದಂಟು ಬಿಡಿಸಿ ಬಿಡಿಸಿ ಅದರ ಕೈಗೆ ಕೊಡಾಕತ್ತಾರ್ರಿ. ಅದು ಕೊಟ್ಟದ್ದನ್ನ ಅವರೂ ತಿನ್ನಾಕತ್ತಾರ್ರಿ. ಜಗಳೇನ ಕಾಣವಲ್ದು."

ಅನುರಾಧಾ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಚಂದವ್ವನ ಕಟ್ಟೆಯ ಮೇಲೆ ಆರಾಮಾಗಿ ಕೂತಳು.

"ಹಂಗಾದ್ರ ಅವಸರ ಇಲ್ಲ" ಎಂದಳು. "ಚಂದವ್ವಕ್ಕ, ಮೊದಲ ಒಂದ ಕಪ್ ಚಾ ಮಾಡು."